ಹಿನ್ನೆಲೆ ಕೆಲಸಗಳ ಆದ್ಯತೆ: ಯುನಿಕ್ಸ್ ವ್ಯವಸ್ಥೆಗಳಲ್ಲಿ

ಯುನಿಕ್ಸ್ ಮತ್ತು ಅದರ ಕುಲಕ್ಕೆ ಸೇರಿದ ಲಿನಕ್ಸ್, ಬಿಎಸ್‌ಡಿ, ಸೋಲಾರಿಸ್, ಎಐಎಕ್ಸ್, ಮ್ಯಾಕ್‌ಓಎಸ್ ವ್ಯವಸ್ಥೆಗಳಲ್ಲಿ ಎಷ್ಟೋ ಕೆಲಸಗಳು ಗೊತ್ತಾದ ಹೊತ್ತಿಗೆ ತಾವಾಗಿ ಶುರುವಾಗುತ್ತವೆ. ಅವು ಪ್ರೊಸೆಸರ್ ಮತ್ತು ಡಿಸ್ಕಿನಲ್ಲಿ ಎಷ್ಟು ಪಾಲು ಪಡೆಯಬೇಕು, ಯಾರಿಗೆ ದಾರಿ ಬಿಡಬೇಕು ಎಂದು ಗೊತ್ತುಮಾಡುವ ಕ್ರಮಕ್ಕೆ ಆದ್ಯತೆಯ ಹೊಂದಾಣಿಕೆ ಎಂದು ಹೆಸರು. ಬ್ಯಾಕಪ್, ದಿನದ ಲೆಕ್ಕದ ಮುಕ್ತಾಯ, ಬಿಲ್ಲುಗಳ ತಯಾರಿ, ಹಳೆಯ ಲಾಗ್ ಕಡತಗಳ ವಿಲೇವಾರಿ ಎಲ್ಲ ಇಂಥ ಕೆಲಸಗಳೇ. ಕ್ರಾನ್, ಆ್ಯಟ್, ಬ್ಯಾಚ್, ಸಿಸ್ಟಮ್‌ಡಿ ಟೈಮರ್‌ಗಳು ಕೆಲಸ ಯಾವಾಗ ನಡೆಯಬೇಕೆಂದು ಹೇಳುತ್ತವೆ. ನೈಸ್, ರಿನೈಸ್, ಐಯೊನೈಸ್, ಸಿಗ್ರೂಪ್‌ಗಳು ಅದು ಎಷ್ಟು ಜೋರಿನಿಂದ ನಡೆಯಬೇಕೆಂದು ಹೇಳುತ್ತವೆ. ಈ ಎರಡು ಬಗೆಯ ಸಾಧನಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೈಗಳಲ್ಲಿ ಬೆಳೆದವು. ಎರಡನ್ನೂ ಒಂದೇ ಸಾಲಿನಲ್ಲಿ ಕೂಡಿಸುವ ಹೊಣೆ ಇಂದಿಗೂ ಬಹುಮಟ್ಟಿಗೆ ಕೆಲಸವನ್ನು ಬರೆದಿಡುವವರದೇ. ಬರೆಯುವಾಗ ಮರೆತದ್ದನ್ನು ನಡುರಾತ್ರಿ ಎರಡೂವರೆಗೆ ತಿದ್ದಲು ಯಾರೂ ಎಚ್ಚರವಿರುವುದಿಲ್ಲ.

ಕಾಟಾ ಮತ್ತು ಬಿಲ್ಲು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರುಂಡ ಕಬ್ಬಿನ ಸೀಮೆ. ಕಾಗವಾಡ ತಾಲ್ಲೂಕಿನ ಉಗಾರ ಖುರ್ದದ ಉಗಾರ ಶುಗರ್ ವರ್ಕ್ಸ್ ಕಂಪನಿಯೇ 1939ರದು. ಅಲ್ಲಿಂದೀಚೆಗೆ ಸಹಕಾರಿ ಮತ್ತು ಖಾಸಗಿ ಕಾರ್ಖಾನೆಗಳು ಈ ಸೀಮೆಯಲ್ಲಿ ಹಲವಾಗಿವೆ. ಇಂಥ ಒಂದು ಕಾರ್ಖಾನೆಯ ಲೆಕ್ಕದ ಕೋಣೆಯಲ್ಲಿ ಒಂದೇ ಒಂದು ಲಿನಕ್ಸ್ ಸರ್ವರ್ ಇದೆ ಎಂದಿಟ್ಟುಕೊಂಡರೆ ನಮ್ಮ ವಿಷಯ ಕಣ್ಣಿಗೆ ಕಾಣುವಂತಾಗುತ್ತದೆ.

ಹಂಗಾಮು ಶುರುವಾದ ಮೇಲೆ ಗಾಡಿ ತೂಗುವ ಕಾಟಾದ ಮುಂದೆ ಟ್ರ್ಯಾಕ್ಟರುಗಳ ಸಾಲು ಹಗಲು ರಾತ್ರಿ ನಿಂತಿರುತ್ತದೆ. ಜೋಡಿ ಟ್ರೇಲರಿನ ಗಾಡಿ ಕಾಟಾದ ಮೇಲೆ ಬಂತೆಂದರೆ ತುಂಬಿದ ತೂಕ ದಾಖಲಾಗಬೇಕು, ಕಬ್ಬು ಇಳಿಸಿ ಬಂದಾಗ ಖಾಲಿ ತೂಕ ಕಳೆಯಬೇಕು, ರೈತನ ಕೈಗೆ ಚೀಟಿ ಬರಬೇಕು. ಕಡಿದ ಕಬ್ಬು ನಿಂತಷ್ಟೂ ತೂಕ ಕಳೆದುಕೊಳ್ಳುತ್ತದೆ, ಸಕ್ಕರೆಯ ಅಂಶವೂ ಇಳಿಯುತ್ತದೆ. ಚೀಟಿ ಮಾಡುವ ಪ್ರೋಗ್ರಾಮಿಗೆ ಪ್ರೊಸೆಸರ್ ಬೇಕಾಗುವುದು ಸೆಕೆಂಡಿನ ಒಂದು ಚೂರು ಮಾತ್ರ. ಆದರೆ ಕೇಳಿದ ಗಳಿಗೆಯಲ್ಲೇ ಬೇಕು. ಬಿಲ್ಲಿನ ಕತೆ ಬೇರೆ. 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಕಬ್ಬು ಕೊಟ್ಟ 14 ದಿನಗಳೊಳಗೆ ರೈತನಿಗೆ ಹಣ ಸಲ್ಲಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರ ಬಡ್ಡಿ. ಹಾಗಾಗಿ ಸಾವಿರಾರು ರೈತರ ಚೀಟಿಗಳನ್ನು ಕೂಡಿಸಿ, ಸೊಸೈಟಿಯ ಸಾಲ ಮತ್ತು ಕಟಾವು-ಸಾಗಣೆಯ ಖರ್ಚು ಮುರಿದು, ಬಿಲ್ಲುಗಳ ಪಟ್ಟಿ ತಯಾರಿಸುವ ಕೆಲಸ ರಾತ್ರಿ ನಡೆಯುತ್ತದೆ. ಅದು ನಾಲ್ಕು ಗಂಟೆಗೆ ಮುಗಿದರೂ ಸರಿ, ಐದಕ್ಕೆ ಮುಗಿದರೂ ಸರಿ. ಆದರೆ ನಡೆಯುವಾಗ ಅದು ಸಿಕ್ಕಷ್ಟು ಪ್ರೊಸೆಸರನ್ನು ನುಂಗುತ್ತದೆ. ಒಂದಕ್ಕೆ ತಕ್ಷಣದ ಉತ್ತರ ಬೇಕು, ಇನ್ನೊಂದಕ್ಕೆ ಒಟ್ಟಾರೆ ಕೆಲಸ ಸಾಗಿದರೆ ಸಾಕು. ಯುನಿಕ್ಸಿನ ಆದ್ಯತೆಯ ಏರ್ಪಾಡೆಲ್ಲ ಈ ಇಬ್ಬರು ಬಾಡಿಗೆದಾರರನ್ನು ಒಂದೇ ಯಂತ್ರದಲ್ಲಿ ಇರಿಸುವ ಪ್ರಯತ್ನ.

ನೈಸ್: ಬೆಳೆದು ಬಂದ ಬಗೆ

ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ 1969ರಲ್ಲಿ ಶುರುಮಾಡಿದ ಯುನಿಕ್ಸ್, ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸಲೆಂದು ಹುಟ್ಟಿದ್ದು. ನೈಸ್ ಆಜ್ಞೆ 1973ರ ನಾಲ್ಕನೇ ಆವೃತ್ತಿಯಲ್ಲಿ ಕಾಣಿಸಿಕೊಂಡಿತು. ನೈಸ್ ಸಂಖ್ಯೆ ಹೆಚ್ಚಾದಷ್ಟೂ ಕೆಲಸ ಬೇರೆಯವರಿಗೆ ಹೆಚ್ಚು ದಾರಿ ಬಿಡುತ್ತದೆ, ತಾನು ಹಿಂದೆ ಸರಿಯುತ್ತದೆ. ಸಂಖ್ಯೆ ದೊಡ್ಡದಾದರೆ ಆದ್ಯತೆಯೂ ದೊಡ್ಡದು ಎಂದುಕೊಂಡು ಎಡವುವವರು ಈಗಲೂ ಇದ್ದಾರೆ. ಇಲ್ಲಿ ಎಣಿಕೆ ತಲೆಕೆಳಗು. 1979ರ ಏಳನೇ ಆವೃತ್ತಿಯ ಕೈಪಿಡಿ, ವ್ಯವಸ್ಥಾಪಕರ ಬೈಗುಳವಿಲ್ಲದೆ ದೀರ್ಘಕಾಲದ ಪ್ರೋಗ್ರಾಮುಗಳನ್ನು ಓಡಿಸಬಯಸುವವರಿಗೆ 10 ಎಂಬ ಸಂಖ್ಯೆಯನ್ನು ಶಿಫಾರಸು ಮಾಡಿತ್ತು. ಸಂಖ್ಯೆ ಕೊಡದೆ ನೈಸ್ ಎಂದಷ್ಟೇ ಬರೆದರೆ ಇಂದಿಗೂ ಸೇರುವುದು ಆ ಹತ್ತೇ.

ಪ್ರೊಸೆಸರಿನ ಪಾಳಿ ಹಂಚುವ ಆಗಿನ ಷೆಡ್ಯೂಲರ್ ಸರಳವಾಗಿತ್ತು. ಇತ್ತೀಚೆಗೆ ಹೆಚ್ಚು ಪ್ರೊಸೆಸರ್ ಬಳಸಿದ ಪ್ರೋಸೆಸ್ (ಓಡುತ್ತಿರುವ ಪ್ರೋಗ್ರಾಮ್) ಹಿಂದೆ ಸರಿಯುತ್ತಿತ್ತು, ಕಾದು ಕೂತದ್ದು ಮುಂದೆ ಬರುತ್ತಿತ್ತು. ನೈಸ್ ಸಂಖ್ಯೆ ಆ ಲೆಕ್ಕಕ್ಕೆ ಕೂಡುವ ಒಂದು ಸ್ಥಿರ ಭಾರ. ಅಂದರೆ ಬಳಕೆದಾರ ಏನೂ ಹೇಳದಿದ್ದರೂ ಯಂತ್ರ ಸ್ವಲ್ಪಮಟ್ಟಿಗೆ ತಾನೇ ನ್ಯಾಯ ಮಾಡುತ್ತಿತ್ತು. ಬಿಎಸ್‌ಡಿಯನ್ನು ರೂಪಿಸಿದ ಬರ್ಕ್ಲಿ ವಿಶ್ವವಿದ್ಯಾಲಯದವರು ಇದನ್ನು ಇನ್ನೂ ಮುಂದೆ ಒಯ್ದರು: ಬಿಎಸ್‌ಡಿಯಲ್ಲಿ ಸಾಮಾನ್ಯ ಬಳಕೆದಾರನ ಪ್ರೋಸೆಸ್ ಒಟ್ಟು 10 ನಿಮಿಷಕ್ಕಿಂತ ಹೆಚ್ಚು ಪ್ರೊಸೆಸರ್ ಹೊತ್ತು ತಿಂದಿತೆಂದರೆ ಕರ್ನೆಲ್ ತಾನಾಗಿ ಅದರ ನೈಸನ್ನು 4ಕ್ಕೆ ಏರಿಸುತ್ತಿತ್ತು. ಓಡುತ್ತಿರುವ ಕೆಲಸದ ಆದ್ಯತೆಯನ್ನು ಹೊರಗಿನಿಂದ ಬದಲಿಸುವ ರಿನೈಸ್ ಕೂಡ 1980ರ 4.0ಬಿಎಸ್‌ಡಿಯ ಕೊಡುಗೆ. ಲಿನಕ್ಸಿನಲ್ಲಿ ಈ ಸಂಖ್ಯೆ -20ರಿಂದ 19ರವರೆಗೆ ಹೋಗುತ್ತದೆ, ಮಾಮೂಲು 0. ಏರಿಸಲು ಯಾರ ಅಪ್ಪಣೆಯೂ ಬೇಡ. ಇಳಿಸಲು ರೂಟ್ ಅಧಿಕಾರ ಅಥವಾ ಅದಕ್ಕೆಂದೇ ಕೊಟ್ಟ ಅನುಮತಿ ಬೇಕು. ತನ್ನ ಪಾಳಿಯನ್ನು ಬಿಟ್ಟುಕೊಡುವ ಹಕ್ಕು ಎಲ್ಲರಿಗೂ ಉಂಟು, ಇತರರ ಪಾಳಿ ಕಸಿಯುವ ಹಕ್ಕು ಇಲ್ಲ ಎಂಬ ಈ ನಿಯಮ ಐವತ್ತು ವರ್ಷಗಳಿಂದ ಹೆಚ್ಚುಕಡಿಮೆ ಅಲುಗದೆ ನಿಂತಿದೆ.

ಇನ್ನೊಂದು ಗುಣವೂ ಹಾಗೆಯೇ ಉಳಿದಿದೆ: ನೈಸ್ ಸಂಖ್ಯೆ ತಾಯಿ ಪ್ರೋಸೆಸಿನಿಂದ ಮಕ್ಕಳಿಗೆ ಇಳಿಯುತ್ತದೆ. ಒಂದು ಶೆಲ್ ಸ್ಕ್ರಿಪ್ಟನ್ನು ನೈಸ್ ಜೊತೆ ಶುರುಮಾಡಿದರೆ ಅದರೊಳಗಿನ ಟಾರ್, ಜಿಜಿಪ್, ಸಾರ್ಟ್ ಎಲ್ಲವೂ ಅದೇ ಆದ್ಯತೆಯಲ್ಲಿ ಓಡುತ್ತವೆ. ನಿಗದಿತ ಕೆಲಸಗಳ ವಿಷಯದಲ್ಲಿ ಇದು ದೊಡ್ಡ ಅನುಕೂಲ, ಏಕೆಂದರೆ ಒಂದು ಕಡೆ ಹೇಳಿದರೆ ಸಾಕು.

ಪಾಲಿನ ಲೆಕ್ಕ

ಲಿನಕ್ಸಿನಲ್ಲಿ ನೈಸ್ ಸಂಖ್ಯೆಗೆ ನಿಖರವಾದ ಅರ್ಥ ಬಂದದ್ದು ಇಂಗೊ ಮೋಲ್ನಾರ್ ಬರೆದ ಸಿಎಫ್ಎಸ್ ಷೆಡ್ಯೂಲರಿನಿಂದ. ಅದು 2007ರ ಅಕ್ಟೋಬರಿನಲ್ಲಿ 2.6.23ನೇ ಕರ್ನೆಲ್‌ನಲ್ಲಿ ಸೇರಿತು. ಅಲ್ಲಿ ಪ್ರತಿ ನೈಸ್ ಮಟ್ಟಕ್ಕೂ ಒಂದು ತೂಕವಿದೆ. 0ಗೆ 1024, 1ಕ್ಕೆ 820, 5ಕ್ಕೆ 335, 10ಕ್ಕೆ 110, 15ಕ್ಕೆ 36, 19ಕ್ಕೆ 15. ಒಂದೊಂದು ಮೆಟ್ಟಿಲು ಇಳಿದಾಗಲೂ ತೂಕ ಸುಮಾರು ಒಂದೂಕಾಲು ಪಟ್ಟು ಕಡಿಮೆಯಾಗುತ್ತದೆ. 2023ರ ಅಕ್ಟೋಬರಿನ 6.6ನೇ ಕರ್ನೆಲ್‌ನಲ್ಲಿ ಈಈವಿಡಿಎಫ್ ಎಂಬ ಹೊಸ ಕ್ರಮ ಸಿಎಫ್ಎಸ್‌ನ ಜಾಗಕ್ಕೆ ಬಂದರೂ ತೂಕದ ಪಟ್ಟಿ ಉಳಿದುಕೊಂಡಿದೆ.

ನಮ್ಮ ಸರ್ವರಿನ ಒಂದು ಕೋರ್‌ಗಾಗಿ ಎರಡು ಪ್ರೋಸೆಸುಗಳು ಬಿಡುವಿಲ್ಲದೆ ಪೈಪೋಟಿ ನಡೆಸಿವೆ ಎನ್ನಿ. ಎರಡೂ 0ಯಲ್ಲಿದ್ದರೆ ಅರ್ಧ ಅರ್ಧ. ಬಿಲ್ಲಿನ ಕೆಲಸ 5ರಲ್ಲಿದ್ದರೆ ಅದಕ್ಕೆ ಶೇಕಡಾ 25ರ ಸುಮಾರು, 10ರಲ್ಲಿದ್ದರೆ ಶೇಕಡಾ 10ಕ್ಕಿಂತ ತುಸು ಕಡಿಮೆ, 19ರಲ್ಲಿದ್ದರೆ ಶೇಕಡಾ 1.4. ಅದೇ ಕೋರಿನಲ್ಲಿ ಬೇರೆ ಯಾರೂ ಇಲ್ಲದಿದ್ದರೆ 19ರಲ್ಲಿರುವ ಕೆಲಸಕ್ಕೂ ನೂರಕ್ಕೆ ನೂರು ಸಿಗುತ್ತದೆ. ಈ ಕೊನೆಯ ಮಾತು ಎಷ್ಟು ಸಲ ಹೇಳಿದರೂ ಕಡಿಮೆಯೇ. ನೈಸ್ ವೇಗದ ಮಿತಿಯಲ್ಲ, ಪೈಪೋಟಿ ಇದ್ದಾಗಿನ ಹಂಚಿಕೆ. ಕೆಲಸ ತಡವಾದೀತೆಂಬ ಭಯದಿಂದ ರಾತ್ರಿಯ ಬ್ಯಾಕಪ್ಪನ್ನು 0ಯಲ್ಲೇ ಬಿಡುವವರು ಇದನ್ನು ಗಮನಿಸಬೇಕು: ಯಂತ್ರ ಖಾಲಿಯಿದ್ದರೆ ಅದು ತಡವಾಗುವುದಿಲ್ಲ, ಖಾಲಿಯಿಲ್ಲದಿದ್ದರೆ ತಡವಾಗುವುದೇ ಸರಿ.

ನೈಸ್ ಬಿಟ್ಟು ಬೇರೆ ದಾರಿಗಳೂ ಇವೆ. ಸಿಎಚ್‌ಆರ್‌ಟಿ ಆಜ್ಞೆಯಿಂದ ಒಂದು ಪ್ರೋಸೆಸನ್ನು ಬ್ಯಾಚ್ ಅಥವಾ ಐಡಲ್ ವರ್ಗಕ್ಕೆ ಸೇರಿಸಬಹುದು. ಬ್ಯಾಚ್ ವರ್ಗದ ಕೆಲಸವನ್ನು ಕರ್ನೆಲ್ ಸದಾ ಲೆಕ್ಕ ಮಾಡುವ ಬಗೆಯದೆಂದು ಭಾವಿಸಿ, ನಿದ್ದೆಯಿಂದೆದ್ದಾಗ ಮುನ್ನುಗ್ಗಲು ಬಿಡುವುದಿಲ್ಲ. ಐಡಲ್ ವರ್ಗಕ್ಕೆ ಸಿಗುವ ತೂಕ ಅತ್ಯಂತ ಕಡಿಮೆ. ಫ್ರೀಬಿಎಸ್‌ಡಿಯಲ್ಲಿ ಇದೇ ಉದ್ದೇಶಕ್ಕೆ ಐಡಿಪ್ರಯೊ ಇದೆ, ಸೋಲಾರಿಸ್‌ನಲ್ಲಿ ಪ್ರಯೊಸಿಎನ್‌ಟಿಎಲ್.

ವೇಳಾಪಟ್ಟಿಯೊಳಗೇ ಆದ್ಯತೆ

ಏಳನೇ ಆವೃತ್ತಿಯ ಕ್ರಾನ್ ನಿಮಿಷಕ್ಕೊಮ್ಮೆ ಎಚ್ಚೆತ್ತು, ಇಡೀ ಯಂತ್ರಕ್ಕೆ ಇದ್ದ ಒಂದೇ ಪಟ್ಟಿಯನ್ನು ಓದಿ, ಹೊತ್ತು ಬಂದ ಕೆಲಸಗಳನ್ನು ಓಡಿಸುತ್ತಿತ್ತು. ಪ್ರತಿ ಬಳಕೆದಾರನಿಗೂ ಸ್ವಂತ ಪಟ್ಟಿ ಆಮೇಲೆ ಬಂತು. ಇಂದಿನ ಬಹುತೇಕ ಲಿನಕ್ಸ್ ಮತ್ತು ಬಿಎಸ್‌ಡಿ ಯಂತ್ರಗಳ ಕ್ರಾನ್, 1987ರಲ್ಲಿ ಪಾಲ್ ವಿಕ್ಸಿ ಬರೆದದ್ದರ ವಂಶದ್ದು. ಅದರ ಸಾಲಿನಲ್ಲಿ ಐದು ಕಾಲದ ಅಂಕಣಗಳಿವೆ: ನಿಮಿಷ, ಗಂಟೆ, ತಿಂಗಳ ದಿನ, ತಿಂಗಳು, ವಾರದ ದಿನ. ಆದ್ಯತೆಗೆಂದು ಆರನೆಯ ಅಂಕಣವಿಲ್ಲ. ಇದು ಆ ವಿನ್ಯಾಸದ ನಿಜವಾದ ಕೊರತೆ. ಅಂಕಣವಿದ್ದಿದ್ದರೆ ಬರೆಯುವವರು ಪ್ರತಿಸಲ ಆ ಬಗ್ಗೆ ಒಂದು ಗಳಿಗೆ ಯೋಚಿಸುತ್ತಿದ್ದರು. ಇಲ್ಲದ್ದರಿಂದ ಲಕ್ಷಾಂತರ ಕೆಲಸಗಳು ಇಂದು 0ಯಲ್ಲೇ ಓಡುತ್ತಿವೆ.

ಆಶ್ಚರ್ಯವೆಂದರೆ ಎಟಿ ಆ್ಯಂಡ್ ಟಿಯ ಸಿಸ್ಟಮ್ ಫೈವ್ ಯುನಿಕ್ಸ್ ಈ ಪ್ರಶ್ನೆಗೆ ಅಂದೇ ಉತ್ತರ ಕೊಟ್ಟಿತ್ತು. ಅದರ ಪರಂಪರೆಯ ಸೋಲಾರಿಸ್, ಎಐಎಕ್ಸ್ ವ್ಯವಸ್ಥೆಗಳಲ್ಲಿ ಕ್ಯೂಡೆಫ್ಸ್ ಎಂಬ ಪುಟ್ಟ ಕಡತವಿರುತ್ತದೆ. ಹಿನ್ನೆಲೆ ಕೆಲಸಗಳೆಲ್ಲ ಅಕ್ಷರಗಳ ಹೆಸರಿನ ಸರದಿಗಳಲ್ಲಿ ನಿಲ್ಲುತ್ತವೆ: ಆ್ಯಟ್ ಕೆಲಸಗಳಿಗೆ ಎ, ಬ್ಯಾಚ್ ಕೆಲಸಗಳಿಗೆ ಬಿ, ಕ್ರಾನ್ ಕೆಲಸಗಳಿಗೆ ಸಿ. ಪ್ರತಿ ಸರದಿಗೂ ಕಡತದಲ್ಲಿ ಒಂದು ಸಾಲು. ‘ಬಿ.2ಜೆ2ಎನ್90ಡಬ್ಲ್ಯು’ ಎಂದು ಬರೆದರೆ ಬ್ಯಾಚ್ ಸರದಿಯಿಂದ ಏಕಕಾಲಕ್ಕೆ ಎರಡು ಕೆಲಸಗಳು ಮಾತ್ರ ಓಡಬೇಕು, ಅವು ನೈಸ್ 2ರಲ್ಲಿ ಓಡಬೇಕು, ಜಾಗವಿಲ್ಲದಿದ್ದರೆ 90 ಸೆಕೆಂಡು ಕಾದು ಮತ್ತೆ ಪ್ರಯತ್ನಿಸಬೇಕು ಎಂದರ್ಥ. ಏನೂ ಬರೆಯದಿದ್ದರೆ ಮಿತಿ 100 ಕೆಲಸ, ನೈಸ್ 2, ಕಾಯುವ ಹೊತ್ತು 60 ಸೆಕೆಂಡು. ಅರ್ಧ ಗೆರೆಯಲ್ಲಿ ಮೂರು ಬೇರೆ ಬೇರೆ ನಿರ್ಧಾರಗಳು ಅಡಗಿವೆ. ಅವುಗಳಲ್ಲಿ ನೈಸ್ ಸಂಖ್ಯೆಗಿಂತಲೂ ಏಕಕಾಲದ ಮಿತಿಯೇ ಹೆಚ್ಚು ಉಪಕಾರಿ. ಹತ್ತು ಕೆಲಸಗಳು 19ರಲ್ಲಿ ಒಟ್ಟಿಗೆ ಓಡಿ ಮೆಮೊರಿಯನ್ನೆಲ್ಲ ತುಂಬಿಸುವುದಕ್ಕಿಂತ ಎರಡೆರಡಾಗಿ ಓಡುವುದು ಯಾವಾಗಲೂ ಮೇಲು. ಇಷ್ಟು ಮಿತವ್ಯಯದ, ಇಷ್ಟು ವಿವೇಕದ ಕಡತ ವಿಕ್ಸಿ ಕ್ರಾನ್‌ಗೆ ಬರಲೇ ಇಲ್ಲ.

ಲಿನಕ್ಸಿನ ಆ್ಯಟ್‌ನಲ್ಲಿ ಇದರ ಎಳೆ ಸ್ವಲ್ಪ ಉಳಿದಿದೆ. ಅಲ್ಲಿಯೂ ಸರದಿಗಳಿಗೆ ಅಕ್ಷರಗಳ ಹೆಸರು, ಅಕ್ಷರ ಮುಂದೆ ಹೋದಷ್ಟೂ ನೈಸ್ ಸಂಖ್ಯೆ ಹೆಚ್ಚು. ಬ್ಯಾಚ್ ಆಜ್ಞೆ ಇನ್ನೂ ಬೇರೆ ಹಾದಿ ಹಿಡಿಯುತ್ತದೆ: ಅದು ಹೊತ್ತನ್ನು ನೋಡುವುದಿಲ್ಲ, ಯಂತ್ರದ ಲೋಡ್ ನೋಡುತ್ತದೆ. ಲೋಡ್ ಸರಾಸರಿ ಸಾಮಾನ್ಯವಾಗಿ 1.5ಕ್ಕಿಂತ ಕೆಳಗಿಳಿದಾಗ ಮಾತ್ರ ಕೆಲಸ ಶುರು. ಒಂದೇ ಪ್ರೊಸೆಸರಿನ ಕಾಲದ ಈ ಮಿತಿ ಎಂಟು ಕೋರುಗಳ ಯಂತ್ರಕ್ಕೆ ತೀರಾ ಬಿಗಿಯಾಗುತ್ತದೆ. ಹಂಗಾಮಿನ ಸರ್ವರಿನಲ್ಲಿ ಲೋಡ್ ಎಂದೂ ಅಷ್ಟು ಇಳಿಯದೆ ಕೆಲಸ ಕಾಯುತ್ತಲೇ ಕೂರಬಹುದು. ಕೋರುಗಳ ಸಂಖ್ಯೆಯಿಂದ ಒಂದನ್ನು ಕಳೆದು, ಅದಕ್ಕಿಂತ ಮೇಲಕ್ಕೆ ಮಿತಿಯನ್ನು ಏರಿಸಬೇಕೆಂದು ಅದರ ಕೈಪಿಡಿಯೇ ಸೂಚಿಸುತ್ತದೆ.

ರೆಡ್ ಹ್ಯಾಟ್ ಬಳಗದ ಲಿನಕ್ಸ್‌ಗಳಲ್ಲಿ ದಿನ, ವಾರ, ತಿಂಗಳ ಕೆಲಸಗಳನ್ನು ನೋಡಿಕೊಳ್ಳುವುದು ಅನಾಕ್ರಾನ್. ಅದರ ಪಟ್ಟಿಯನ್ನು ತೆರೆದರೆ ಪ್ರತಿ ಸಾಲಿನಲ್ಲೂ ನೈಸ್ ಎಂಬ ಪದ ಮೊದಲೇ ಬರೆದಿಟ್ಟಿರುವುದು ಕಾಣುತ್ತದೆ. ಯಾರೂ ಏನೂ ಮಾಡದೆಯೇ ಆ ಕೆಲಸಗಳೆಲ್ಲ 10ರಲ್ಲಿ ಓಡುತ್ತವೆ. ಎಫ್‌ಕ್ರಾನ್ ಎಂಬ ಇನ್ನೊಂದು ಸಾಧನ ನೈಸ್ ಸಂಖ್ಯೆಯನ್ನೂ ಲೋಡ್ ಮಿತಿಯನ್ನೂ ಪಟ್ಟಿಯೊಳಗೇ ಬರೆಯಲು ಬಿಡುತ್ತದೆ. ಜಡ್‌ಶೆಲ್‌ನಲ್ಲಿ ಹಿನ್ನೆಲೆಗೆ ತಳ್ಳಿದ ಕೆಲಸದ ಆದ್ಯತೆ ತಾನಾಗಿಯೇ ಇಳಿಯುತ್ತದೆ. ಆದರೆ ಮಾಮೂಲು ಕ್ರಾನ್ ಪಟ್ಟಿಯಲ್ಲಿ ಆಜ್ಞೆಯ ಮುಂದೆ ನಾವೇ ಸೇರಿಸಬೇಕು. ಬಿಲ್ಲಿನ ಕೆಲಸದ ಸಾಲು ಹೀಗಿರಬಹುದು:

30 2 * * * ನೈಸ್ -ಎನ್ 15 ಐಯೊನೈಸ್ -ಸಿ 3 ಎಫ್‌ಲಾಕ್ -ಎನ್ /ರನ್/ಬಿಲ್.ಲಾಕ್ /ಆಪ್ಟ್/ಕಾರ್ಖಾನೆ/ಬಿಲ್

ಎಡದಿಂದ ಓದಿದರೆ: ದಿನವೂ ನಸುಕಿನ ಎರಡೂವರೆಗೆ, ಪ್ರೊಸೆಸರಿನಲ್ಲಿ 15ರ ನೈಸ್, ಡಿಸ್ಕಿನಲ್ಲಿ ಐಡಲ್ ವರ್ಗ, ನಿನ್ನೆಯ ಕೆಲಸ ಇನ್ನೂ ಮುಗಿದಿಲ್ಲವಾದರೆ ಇಂದಿನದನ್ನು ಶುರುಮಾಡಬೇಡ. ಕೊನೆಯ ಎಚ್ಚರಿಕೆಯನ್ನು ಬಿಡುವಂತಿಲ್ಲ. ಆದ್ಯತೆ ಇಳಿಸಿದ ಕೆಲಸ ಹೆಚ್ಚು ಹೊತ್ತು ಓಡುತ್ತದೆ, ಹೆಚ್ಚು ಹೊತ್ತು ಓಡುವ ಕೆಲಸ ತನ್ನದೇ ಮುಂದಿನ ಪಾಳಿಯ ಮೇಲೆ ಬಂದು ಕೂರುತ್ತದೆ. ನೈಸ್ ಮತ್ತು ಎಫ್‌ಲಾಕ್ ಜೋಡಿಯಾಗಿಯೇ ಬರಬೇಕು.

ಬರವಣಿಗೆಯ ಸಣ್ಣ ಬಲೆಗಳೂ ಇವೆ. ಹಳೆಯ ಶೈಲಿಯಲ್ಲಿ ‘ನೈಸ್ -10’ ಎಂದರೆ ಋಣ ಹತ್ತಲ್ಲ, ಧನ ಹತ್ತು; ಋಣವಾಗಲು ಎರಡು ಗೆರೆ ಬೇಕು. ಸಿ ಶೆಲ್‌ನ ಒಳಗಿನ ನೈಸ್ ಸಂಖ್ಯೆ ಕೊಡದಿದ್ದರೆ 10ರ ಬದಲು 4 ಸೇರಿಸುತ್ತದೆ. ರಿನೈಸ್‌ನ ಎನ್ ಆಯ್ಕೆಯನ್ನು ಪೊಸಿಕ್ಸ್ ಮಾನಕ ‘ಇಷ್ಟು ಕೂಡಿಸು’ ಎಂದು ಓದಿದರೆ ಲಿನಕ್ಸಿನ ಸಾಧನ ‘ಇಷ್ಟಕ್ಕೆ ಇಡು’ ಎಂದು ಓದುತ್ತದೆ. ಬೇರೆ ಬೇರೆ ಯುನಿಕ್ಸುಗಳ ನಡುವೆ ಸ್ಕ್ರಿಪ್ಟುಗಳನ್ನು ಸಾಗಿಸುವವರು ಆಮೇಲೆ ಪಿಎಸ್ ಆಜ್ಞೆಯ ಎನ್‌ಐ ಅಂಕಣವನ್ನು ಕಣ್ಣಾರೆ ನೋಡಿಕೊಳ್ಳುವುದೇ ಕ್ಷೇಮ.

ಡಿಸ್ಕಿನ ಸರದಿ

ರಾತ್ರಿಯ ಕೆಲಸಗಳು ಸಾಮಾನ್ಯವಾಗಿ ಯಂತ್ರವನ್ನು ನಿಧಾನ ಮಾಡುವುದು ಪ್ರೊಸೆಸರಿನಿಂದಲ್ಲ, ಡಿಸ್ಕಿನಿಂದ. ಬ್ಯಾಕಪ್ ಇಡೀ ಡಿಸ್ಕನ್ನು ಓದುತ್ತಿರುವಾಗ ಕಾಟಾದ ಚೀಟಿ ತನ್ನ ಒಂದು ದಾಖಲೆ ಬರೆಯಲು ಕಾಯಬೇಕಾದರೆ, ನೈಸ್ 19 ಕೊಟ್ಟದ್ದು ನೆರವಾಗುವುದಿಲ್ಲ. ಜೆನ್ಸ್ ಆಕ್ಸ್‌ಬೊ ಅವರ ಸಿಎಫ್‌ಕ್ಯೂ ಡಿಸ್ಕ್ ಷೆಡ್ಯೂಲರಿನೊಂದಿಗೆ ಲಿನಕ್ಸಿಗೆ ಐಯೊನೈಸ್ ಬಂತು. ಅದರಲ್ಲಿ ಮೂರು ವರ್ಗಗಳು: 1 ರಿಯಲ್‌ಟೈಮ್, 2 ಮಾಮೂಲು, 3 ಐಡಲ್. ಮಾಮೂಲು ವರ್ಗದೊಳಗೆ 0ರಿಂದ 7ರವರೆಗಿನ ಮಟ್ಟಗಳು. ನಾವು ಹೇಳದಿದ್ದರೆ ಕರ್ನೆಲ್ ನೈಸ್ ಸಂಖ್ಯೆಯಿಂದಲೇ ಮಟ್ಟವನ್ನು ಲೆಕ್ಕ ಹಾಕುತ್ತದೆ.

ಇಲ್ಲಿ ಎರಡು ಮಿತಿಗಳನ್ನು ಸ್ಪಷ್ಟವಾಗಿ ತಿಳಿದಿರಬೇಕು. ಐಯೊನೈಸ್ ಕೆಲಸ ಮಾಡಲು ಕೆಳಗಿನ ಡಿಸ್ಕ್ ಷೆಡ್ಯೂಲರ್ ಅದನ್ನು ಗೌರವಿಸಬೇಕು. ಸಿಎಫ್‌ಕ್ಯೂ 2019ರ 5.0 ಕರ್ನೆಲ್‌ನಲ್ಲಿ ತೆಗೆದುಹಾಕಲ್ಪಟ್ಟಿತು. ಅದರ ಉತ್ತರಾಧಿಕಾರಿ ಬಿಎಫ್‌ಕ್ಯೂ 2017ರ 4.12ರಿಂದಲೇ ಇದೆ, ಅದು ಗೌರವಿಸುತ್ತದೆ. ಷೆಡ್ಯೂಲರೇ ಇಲ್ಲದೆ ಓಡುವ ವೇಗದ ಎನ್‌ವಿಎಂಇ ಡಿಸ್ಕುಗಳಲ್ಲಿ ಐಯೊನೈಸ್ ಬರೆದರೂ ಒಂದೇ, ಬಿಟ್ಟರೂ ಒಂದೇ. ಆಜ್ಞೆ ಯಾವ ದೋಷವನ್ನೂ ತೋರಿಸದೆ ಓಡುವುದರಿಂದ ಎಷ್ಟೋ ಕಡೆ ಅದು ಹೆಸರಿಗೆ ಮಾತ್ರ ಉಳಿದಿದೆ. ಎರಡನೆಯದು, ಓದುವುದಕ್ಕೂ ನೇರ ಬರಹಕ್ಕೂ ಈ ಆದ್ಯತೆ ಅನ್ವಯ. ಮೆಮೊರಿಯಲ್ಲಿ ಕೂಡಿಟ್ಟು ಕರ್ನೆಲ್ ಆಮೇಲೆ ತನ್ನ ಹೊತ್ತಿಗೆ ಡಿಸ್ಕಿಗೆ ಇಳಿಸುವ ಬರಹಕ್ಕೆ ಅಲ್ಲ, ಏಕೆಂದರೆ ಅದನ್ನು ಇಳಿಸುವ ಹೊತ್ತಿಗೆ ಮೂಲ ಕೆಲಸದ ಗುರುತು ಉಳಿದಿರುವುದಿಲ್ಲ. ಬ್ಯಾಕಪ್ಪನ್ನು ದೂರದ ಊರಿಗೆ ಕಳಿಸುವ ಸಂಪರ್ಕಕ್ಕಂತೂ ನೈಸ್, ಐಯೊನೈಸ್ ಎರಡೂ ಸಂಬಂಧಿಸಿದ್ದಲ್ಲ. ಅಲ್ಲಿ ಆರ್‌ಸಿಂಕ್‌ಗೆ ವೇಗದ ಮಿತಿ ಕೊಡುವುದೇ ದಾರಿ.

ಗುಂಪಿನ ಪಾಲು ಮತ್ತು ಬೆಂಗಳೂರು

ಪ್ರೋಸೆಸ್‌ಗಳಿಗೆ ಒಂದೊಂದಾಗಿ ಪಾಲು ಹಂಚುವುದರಲ್ಲಿ ಒಂದು ಅನ್ಯಾಯವಿದೆ. ಒಬ್ಬ ಬಳಕೆದಾರ 50 ಪ್ರೋಸೆಸುಗಳನ್ನು ಎಬ್ಬಿಸಿ ಇನ್ನೊಬ್ಬ ಒಂದನ್ನೇ ಓಡಿಸಿದರೆ, ಎಲ್ಲವೂ 0ಯಲ್ಲಿದ್ದಾಗ ಮೊದಲನೆಯವನಿಗೆ 51ರಲ್ಲಿ 50 ಪಾಲು. ಇದಕ್ಕೆ ಪರಿಹಾರ ಗುಂಪುಗಳ ನಡುವೆ ಮೊದಲು ಹಂಚಿ, ಆಮೇಲೆ ಗುಂಪಿನೊಳಗೆ ಹಂಚುವುದು. ಲಿನಕ್ಸಿಗೆ ಈ ಗುಂಪು ಷೆಡ್ಯೂಲಿಂಗ್ ಬಂದದ್ದು ಬಹುಪಾಲು ಬೆಂಗಳೂರಿನಿಂದ. ಐಬಿಎಂನ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ಶ್ರೀವತ್ಸ ವದ್ದಗಿರಿ 2007ರಲ್ಲಿ ಸಿಎಫ್ಎಸ್‌ಗೆ ಈ ಭಾಗವನ್ನು ಬರೆದರು. ಕರ್ನೆಲ್‌ನ ಷೆಡ್ಯೂಲರ್ ಕಡತದ ತಲೆಯಲ್ಲಿ ಇಂಗೊ ಮೋಲ್ನಾರ್ ಮುಂತಾದವರ ಜೊತೆಗೆ ಅವರ ಹೆಸರೂ ಇದೆ. ಗೂಗಲ್‌ನ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್ 2006ರಲ್ಲಿ ಶುರುಮಾಡಿದ ಸಿಗ್ರೂಪ್ ಚೌಕಟ್ಟಿನ ಜೊತೆ ಇದು 2008ರ ಜನವರಿಯ 2.6.24ನೇ ಕರ್ನೆಲ್‌ನಲ್ಲಿ ಸೇರಿತು. ಮೆಮೊರಿಯನ್ನು ಗುಂಪುವಾರು ಮಿತಿಗೊಳಿಸುವ ಭಾಗದ ಮೊದಲ ಕರ್ತೃ ಬಲಬೀರ್ ಸಿಂಗ್ ಕೂಡ ಆಗ ಐಬಿಎಂನ ಭಾರತೀಯ ತಂಡದವರೇ. ಇಂದು ಜಗತ್ತಿನ ಕಂಟೇನರುಗಳು ನಿಂತಿರುವುದು ಈ ತಳಹದಿಯ ಮೇಲೆ. ನಮ್ಮ ನಾಡಿನಲ್ಲಿ ಕೂತು ಬರೆದ ಸಾಲುಗಳು ಇಷ್ಟು ಯಂತ್ರಗಳೊಳಗೆ ಪ್ರತಿ ಕ್ಷಣ ಓಡುತ್ತಿರುವುದು ನಮ್ಮಲ್ಲಿ ತಕ್ಕಷ್ಟು ಜನರಿಗೆ ಗೊತ್ತಿಲ್ಲ.

ಹಿನ್ನೆಲೆ ಕೆಲಸಗಳಿಗೆ ಇದರಿಂದಾದ ಬದಲಾವಣೆ ಆಳವಾದದ್ದು. ಗುಂಪುಗಳು ಚಾಲ್ತಿಯಲ್ಲಿದ್ದರೆ ನೈಸ್ ಸಂಖ್ಯೆ ತನ್ನ ಗುಂಪಿನೊಳಗಿನವರ ನಡುವೆ ಮಾತ್ರ ಅರ್ಥ ಪಡೆಯುತ್ತದೆ. ಕ್ರಾನ್‌ನ ಗುಂಪಿನೊಳಗೆ 19ರಲ್ಲಿರುವ ಕೆಲಸ ಒಂಟಿಯಾಗಿದ್ದರೆ, ಆ ಗುಂಪಿನ ಪಾಲೆಲ್ಲ ಅದರದೇ. ಪಕ್ಕದ ಗುಂಪಿನ ಕಾಟಾ ಪ್ರೋಗ್ರಾಮಿಗೆ ಯಾವ ಅನುಕೂಲವೂ ಇಲ್ಲ. 2011ರ 2.6.38ನೇ ಕರ್ನೆಲ್‌ನಲ್ಲಿ ಬಂದ ಆಟೋಗ್ರೂಪ್ ಕೂಡ ಪ್ರತಿ ಸೆಷನ್ನನ್ನೂ ಒಂದೊಂದು ಗುಂಪು ಮಾಡುವುದರಿಂದ ಇದೇ ಪರಿಣಾಮ. ‘ನೈಸ್ ಕೊಟ್ಟಿದ್ದೇನೆ, ಆದರೂ ಯಂತ್ರ ತೊದಲುತ್ತಿದೆ’ ಎಂಬ ದೂರಿನ ಹಿಂದೆ ಹಲವು ಸಲ ಇರುವುದು ಇದೇ ಕಾರಣ.

ಆದ್ದರಿಂದ ಹೊಸ ಲಿನಕ್ಸ್ ಯಂತ್ರಗಳಲ್ಲಿ ಗುಂಪಿಗೇ ತೂಕ ಕೊಡುವುದು ಸರಿಯಾದ ಕ್ರಮ. ಸಿಗ್ರೂಪಿನ ಎರಡನೇ ಆವೃತ್ತಿಯಲ್ಲಿ ತೂಕ 1ರಿಂದ 10000ದವರೆಗೆ, ಮಾಮೂಲು 100. ಸಿಸ್ಟಮ್‌ಡಿಯಲ್ಲಿ ಒಂದು ಸರ್ವಿಸ್ ಕಡತ ಬರೆದು ಅದರಲ್ಲಿ ಸಿಪಿಯುವೇಟ್ 20, ಐಓವೇಟ್ 20, ಮೆಮೊರಿಹೈಗೆ ಒಂದು ಮಿತಿ, ಬೇಕಿದ್ದರೆ ನೈಸ್ ಕೂಡ ಕೊಟ್ಟು, ಜೊತೆಗೆ ಟೈಮರ್ ಕಡತದಲ್ಲಿ ಹೊತ್ತನ್ನು ಬರೆದರೆ, ಯಾವಾಗ ಮತ್ತು ಹೇಗೆ ಎಂಬ ಎರಡೂ ಮಾತುಗಳು ಅಕ್ಕಪಕ್ಕ ಕೂರುತ್ತವೆ. ಕ್ಯೂಡೆಫ್ಸ್ ಕಡತದ ವಿವೇಕ ಹಲವು ದಶಕಗಳ ನಂತರ ಬೇರೆ ರೂಪದಲ್ಲಿ ಮರಳಿದಂತಾಯಿತು. ಕ್ರಾನ್‌ನ ಒಂದು ಸಾಲಿನ ಸರಳತೆ ಇದರಲ್ಲಿಲ್ಲ, ನಿಜ. ಆದರೂ ಮುಖ್ಯವಾದ ಕೆಲಸಗಳಿಗೆ ಎರಡು ಕಡತ ಬರೆಯುವ ಶ್ರಮ ದುಬಾರಿಯಲ್ಲ. ಮ್ಯಾಕ್‌ಓಎಸ್‌ನ ಲಾಂಚ್‌ಡಿಯೂ ನೈಸ್ ಸಂಖ್ಯೆ, ಡಿಸ್ಕಿನ ಕೆಳ ಆದ್ಯತೆ ಎರಡನ್ನೂ ಕೆಲಸದ ವಿವರಣೆಯೊಳಗೇ ಬರೆಯಲು ಬಿಡುತ್ತದೆ.

ಆದ್ಯತೆ ತಲುಪದ ಕಡೆಗಳು

ಬಿಲ್ಲಿನ ಕೆಲಸ ಡೇಟಾಬೇಸಿಗೆ ಒಂದು ದೊಡ್ಡ ಪ್ರಶ್ನೆ ಕಳಿಸಿ ಉತ್ತರಕ್ಕೆ ಕಾದು ಕೂರುವಂಥದ್ದಾದರೆ, ನೈಸ್ ಬೀಳುವುದು ಕಾದು ಕೂತವನ ಮೇಲೆ. ದುಡಿಯುವುದು ಪೋಸ್ಟ್‌ಗ್ರೆಸ್‌ನಂಥ ಡೇಟಾಬೇಸಿನ ಸರ್ವರ್ ಪ್ರೋಸೆಸ್; ಅದು ಕ್ರಾನ್‌ನ ಮಗುವಲ್ಲ, ಹಾಗಾಗಿ 0ಯಲ್ಲೇ ಇರುತ್ತದೆ. ಅದನ್ನು ಹುಡುಕಿ ರಿನೈಸ್ ಮಾಡಬಹುದು, ಆದರೆ ಅಲ್ಲಿ ಇನ್ನೊಂದು ಅಪಾಯ ಕಾದಿದೆ. ಆದ್ಯತೆ ಇಳಿಸಿಕೊಂಡ ಪ್ರೋಸೆಸ್ ಒಂದು ಬೀಗ ಹಿಡಿದುಕೊಂಡೇ ಹಿಂದೆ ಸರಿದರೆ, ಅದೇ ಬೀಗ ಬೇಕಾದ ಕಾಟಾ ಪ್ರೋಗ್ರಾಮ್ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಇದಕ್ಕೆ ಆದ್ಯತೆಯ ವಿಪರ್ಯಯ ಎನ್ನುತ್ತಾರೆ. 1997ರ ಜುಲೈಯಲ್ಲಿ ಮಂಗಳನ ಮೇಲಿಳಿದ ಪಾತ್‌ಫೈಂಡರ್ ನೌಕೆ ಮತ್ತೆ ಮತ್ತೆ ತಾನಾಗಿ ಮರುಚಾಲನೆಗೊಂಡದ್ದು ಇದರಿಂದಲೇ. ಅದರಲ್ಲಿದ್ದದ್ದು ಯುನಿಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್ ವ್ಯವಸ್ಥೆ. ಹವಾಮಾನದ ಮಾಹಿತಿ ಕೂಡಿಡುವ ಕೆಳ ಆದ್ಯತೆಯ ಕೆಲಸ ಬೀಗ ಹಿಡಿದಿತ್ತು, ಮಧ್ಯಮ ಆದ್ಯತೆಯವು ಅದನ್ನು ಓಡಲು ಬಿಡಲಿಲ್ಲ, ಮೇಲಿನ ಆದ್ಯತೆಯದು ಕಾದು ಸೋತಿತು. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಕಾಯುವವನ ಆದ್ಯತೆಯನ್ನು ಕೊಡುವ ಆಯ್ಕೆಯನ್ನು ಭೂಮಿಯಿಂದಲೇ ಚಾಲೂ ಮಾಡಿ ಅದನ್ನು ಸರಿಪಡಿಸಿದರು. ಡೇಟಾಬೇಸಿನ ವಿಷಯದಲ್ಲಿ ಇದಕ್ಕಿಂತ ಸರಳ ದಾರಿಯಿದೆ: ದೊಡ್ಡ ಪ್ರಶ್ನೆಯನ್ನು ಊರುವಾರು ಸಣ್ಣ ತುಂಡುಗಳನ್ನಾಗಿ ಒಡೆದು, ತುಂಡು ತುಂಡಿಗೂ ಬೀಗ ಬಿಡುವುದು.

ಲಿನಕ್ಸಿನಲ್ಲಿ ನೈಸ್ ಸಂಖ್ಯೆ ಇಡೀ ಪ್ರೋಸೆಸಿನದಲ್ಲ, ಅದರೊಳಗಿನ ಒಂದೊಂದು ತ್ರೆಡ್‌ನದು. ಇದು ಪೊಸಿಕ್ಸ್ ಮಾನಕಕ್ಕೆ ವಿರುದ್ಧವಾದರೂ ವಾಸ್ತವ. ಓಡುತ್ತಿರುವ ಜಾವಾ ಪ್ರೋಗ್ರಾಮಿನ ಸಂಖ್ಯೆ ಕೊಟ್ಟು ರಿನೈಸ್ ಮಾಡಿದರೆ ಮೊದಲ ತ್ರೆಡ್ ಮಾತ್ರ ಹಿಂದೆ ಸರಿಯುತ್ತದೆ, ದುಡಿಯುವ ಉಳಿದ ಹತ್ತಾರು ತ್ರೆಡ್‌ಗಳು ಇದ್ದಲ್ಲೇ ಇರುತ್ತವೆ. ಶುರುವಿನಲ್ಲೇ ನೈಸ್ ಕೊಟ್ಟಿದ್ದರೆ ಎಲ್ಲ ತ್ರೆಡ್‌ಗಳಿಗೂ ಅದು ಇಳಿದು ಬರುತ್ತಿತ್ತು. ಆದ್ಯತೆಯನ್ನು ವೇಳಾಪಟ್ಟಿಯಲ್ಲೇ ಬರೆಯಬೇಕೆನ್ನಲು ಇದಕ್ಕಿಂತ ಗಟ್ಟಿಯಾದ ತಾಂತ್ರಿಕ ಕಾರಣ ಇನ್ನೊಂದಿಲ್ಲ.

ದೊಡ್ಡ ಯಂತ್ರಗಳು, ತರಗತಿಗಳು

ಭಾರತದ ಬ್ಯಾಂಕುಗಳಲ್ಲಿ ದಿನಾಂತ್ಯದ ಲೆಕ್ಕ ಮುಗಿಸುವ ಕೆಲಸ ಬಹುಕಾಲದಿಂದ ಯುನಿಕ್ಸ್ ಯಂತ್ರಗಳ ಮೇಲಿದೆ; ಬೆಂಗಳೂರಿನ ಇನ್ಫೊಸಿಸ್‌ನ ಫಿನಾಕಲ್ ಅಂಥ ಯಂತ್ರಗಳ ಮೇಲೆ ಓಡುವ ತಂತ್ರಾಂಶಗಳಲ್ಲೊಂದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ನೆಲೆಗೊಂಡ 3.3 ಪೆಟಾಫ್ಲಾಪ್‌ನ ಪರಮ್ ಪ್ರವೇಗದಂಥ ಸೂಪರ್‌ಕಂಪ್ಯೂಟರುಗಳಲ್ಲಿ ಸಮಸ್ಯೆ ಬೇರೆ ಅಳತೆಯದು. ಅಲ್ಲಿ ಕೆಲಸ ಓಡುವಾಗಿನ ಪಾಲಿಗಿಂತ ಯಾವ ಕೆಲಸ ಮೊದಲು ಓಡಬೇಕೆಂಬುದೇ ಮುಖ್ಯ. ಇಂಥ ಯಂತ್ರಗಳಲ್ಲಿ ಜನಪ್ರಿಯವಾದ ಸ್ಲರ್ಮ್‌ನಂಥ ಸರದಿ ವ್ಯವಸ್ಥೆ, ಕೆಲಸ ಎಷ್ಟು ಹೊತ್ತು ಕಾದಿದೆ, ಎಷ್ಟು ದೊಡ್ಡದು, ಅದನ್ನು ಕಳಿಸಿದ ತಂಡ ಇತ್ತೀಚೆಗೆ ಎಷ್ಟು ಬಳಸಿದೆ ಎಂಬುದನ್ನೆಲ್ಲ ಕೂಡಿಸಿ ಅಂಕ ಹಾಕುತ್ತದೆ. ಅಲ್ಲಿಯೂ ನೈಸ್ ಎಂಬ ಆಯ್ಕೆ ಇದೆ, ಅಲ್ಲಿಯೂ ಸಾಮಾನ್ಯ ಬಳಕೆದಾರ ತನ್ನ ಕೆಲಸವನ್ನು ಹಿಂದೆ ತಳ್ಳಬಲ್ಲನೇ ಹೊರತು ಮುಂದೆ ತರಲಾರ.

ಬೆಳಗಾವಿಯಲ್ಲಿ 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯದಲ್ಲಿ ಯುನಿಕ್ಸ್ ಮತ್ತು ಶೆಲ್ ಪ್ರೋಗ್ರಾಮಿಂಗ್ ವರ್ಷಗಟ್ಟಲೆ ಒಂದು ವಿಷಯವಾಗಿತ್ತು. ಚಿಕ್ಕೋಡಿಯ ಕೆಎಲ್‌ಇ ಇಂಜಿನಿಯರಿಂಗ್ ಕಾಲೇಜು ಈ ವಿಶ್ವವಿದ್ಯಾಲಯಕ್ಕೇ ಸೇರಿದ್ದು. ಸುಮಿತಾಭ ದಾಸ್ ಅವರ ಪಠ್ಯಪುಸ್ತಕದ ಮೂಲಕ ಕರ್ನಾಟಕದ ಎಷ್ಟೋ ವಿದ್ಯಾರ್ಥಿಗಳು ನೈಸ್, ಆ್ಯಟ್, ಬ್ಯಾಚ್, ಕ್ರಾನ್‌ಗಳನ್ನು ಒಂದೇ ಅಧ್ಯಾಯದಲ್ಲಿ ಓದಿದ್ದಾರೆ. ಸಿಗ್ರೂಪಿನ ಪಾಠ ಅದೇ ಅಧ್ಯಾಯಕ್ಕೆ ಸೇರಿ ಬರಬೇಕಾದದ್ದು ಈಗ.

ಹೊತ್ತಿನ ಆಯ್ಕೆ

ಆದ್ಯತೆಗೆ ಹೊತ್ತಿನ ಆಯ್ಕೆಯೂ ಪೂರಕ. ಎಲ್ಲರೂ ಕೆಲಸಗಳನ್ನು ಸರಿಯಾಗಿ 12ಕ್ಕೆ ಇಟ್ಟರೆ ಎಲ್ಲವೂ ಒಂದೇ ನಿಮಿಷದಲ್ಲಿ ಎದ್ದು ನಿಲ್ಲುತ್ತವೆ, ಯಾರ ನೈಸೂ ಉಪಯೋಗಕ್ಕೆ ಬಾರದು. ಸಿಸ್ಟಮ್‌ಡಿ ಟೈಮರ್ ಮತ್ತು ಅನಾಕ್ರಾನ್ ಇದಕ್ಕೆಂದೇ ಯಾದೃಚ್ಛಿಕ ವಿಳಂಬವನ್ನು ಸೇರಿಸಬಲ್ಲವು. ಮಾಮೂಲು ಕ್ರಾನ್‌ನಲ್ಲಿ 17, 43 ಎಂಬಂಥ ಬಿಡಿ ನಿಮಿಷಗಳನ್ನು ನಾವೇ ಆರಿಸಬೇಕು. ಬಾಡಿಗೆಯ ಸರ್ವರುಗಳು ಬಹುಮಟ್ಟಿಗೆ ಯುಟಿಸಿ ಕಾಲದಲ್ಲಿರುತ್ತವೆ, ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಎರಡೂವರೆ ಎಂದು ಬರೆದದ್ದು ಅಲ್ಲಿ ನಮ್ಮ ಬೆಳಗಿನ ಎಂಟಕ್ಕೆ ಶುರುವಾಗುತ್ತದೆ, ರಾತ್ರಿ ಪಾಳಿಯ ಗಾಡಿಗಳ ಜೊತೆ ಬೆಳಗಿನ ಗಾಡಿಗಳೂ ಬಂದು ಕಾಟಾದ ಮುಂದೆ ಕೂಡುವ ಹೊತ್ತಿಗೆ. ನಮ್ಮ ನಸುಕಿನ ಎರಡೂವರೆಗೆ ಓಡಬೇಕಾದ ಕೆಲಸವನ್ನು ಅಂಥ ಯಂತ್ರದ ಪಟ್ಟಿಯಲ್ಲಿ ಹಿಂದಿನ ರಾತ್ರಿಯ 21 ಗಂಟೆಗೆ ಬರೆಯಬೇಕು. ಕ್ರೋನಿ ಎಂಬ ಕ್ರಾನ್ ಇರುವ ಕಡೆ ಪಟ್ಟಿಯ ತಲೆಯಲ್ಲಿ ಕಾಲವಲಯವನ್ನು ಏಷ್ಯಾ/ಕೋಲ್ಕತಾ ಎಂದು ನಮೂದಿಸಿ ಎರಡೂವರೆ ಎಂದೇ ಬರೆಯಬಹುದು.